ಗಜಕೋಲಿಗೆ ಬೇರು ಬಂದದ್ದು

ದರ್ಜಿ ಮಾವನ ಹಳೆಯ ಗಜಕೋಲು ಮುರಿದ ದಿನವೇ ಸೊಸೆಯ ವಿಲ್ಲೋ ಕಡ್ಡಿಗೆ ಕಂಟಕ ಬಂತು.

ಕೊಳದ ದಂಡೆಯಲ್ಲಿ ವಿಲ್ಲೋ ಮರ ಸವರುತ್ತಿದ್ದ ತೋಟದವನಿಂದ ಅವಳು ಕೇಳಿ ತಂದ ಕಡ್ಡಿ ಅದು. "ನೀರಲ್ಲಿ ನಿಲ್ಸಮ್ಮ. ಬೇರು ಬೆರಳುದ್ದ ಆದ್ಮೇಲೆ ನೆಲಕ್ಕೆ ಹಾಕು. ವಿಲ್ಲೋ ಅಂದ್ರೆ ಮಹಾ ಹಠಮಾರಿ, ತಲೆಕೆಳಗಾಗಿ ನೆಟ್ರೂ ಚಿಗುರುತ್ತೆ" ಎಂದಿದ್ದ. ಮದುವೆಯಾಗಿ ಬಂದ ಮನೆಯಲ್ಲಿ ಸೂಜಿಯಿಂದ ಹಿಡಿದು ಇಸ್ತ್ರಿಪೆಟ್ಟಿಗೆಯವರೆಗೆ ಎಲ್ಲವೂ ಮಾವನದು. ಇದೊಂದಾದರೂ ತನ್ನದಿರಲಿ ಎಂದು ಅಂಗಡಿಯ ಕಿಟಕಿಯ ಕೆಳಗೆ ಬಕೆಟ್ಟಿನಲ್ಲಿ ನಿಲ್ಲಿಸಿ, ಕಾಜಾ ಹೊಲಿಯುತ್ತಾ ದಿನಕ್ಕೆ ಹತ್ತು ಸಲ ನೋಡುತ್ತಿದ್ದಳು.

ಮಾವನಿಗೆ ಟೇಪಿನ ಮೇಲೆ ನಂಬಿಕೆಯಿಲ್ಲ. "ಎಳೆದ್ರೆ ಉದ್ದ, ಬಿಟ್ರೆ ಗಿಡ್ಡ. ಅದೂ ಒಂದು ಅಳತೆನಾ?" ಎನ್ನುತ್ತಾ ಬಕೆಟ್ಟಿನಿಂದ ಕಡ್ಡಿ ಎತ್ತಿಕೊಂಡು, ಮುರಿದ ಕೋಲಿನ ಪಕ್ಕದಲ್ಲಿಟ್ಟು, ಚಾಕುವಿನಿಂದ ಇಂಚಿಂಚಿಗೂ ಗೀರು ಹಾಕಿದರು.

"ಮಾವ, ಅದಕ್ಕೆ ಜೀವ ಇದೆ."

"ಇರ್ಲಿ ಬಿಡು. ಸತ್ತ ಕೋಲಿನಷ್ಟು ಸುಲಭಕ್ಕೆ ಮುರಿಯಲ್ಲ."

ಹಗಲೆಲ್ಲ ಗಿರಾಕಿಗಳ ಮೈಮೇಲೆ ಓಡಾಡಿದ ಕಡ್ಡಿಯನ್ನು ಸಂಜೆಯಾದೊಡನೆ ಅವಳು ನೀರಿಗಿಡುತ್ತಿದ್ದಳು. ವಾರದೊಳಗೆ ಬುಡದಲ್ಲಿ ಬಿಳಿ ಬೇರು, ತುದಿಯಲ್ಲಿ ಎರಡು ಎಲೆ. ಕಡ್ಡಿ ಬೆಳೆಯಿತು. ಅದರ ಜೊತೆ ಇಂಚುಗಳೂ ಬೆಳೆದವು.

ಮೊದಲು ಬಂದವರು ಅಂಚೆಯವರು. "ಏನ್ರೀ ಇದು, ಈ ಪ್ಯಾಂಟು ಹಾಕ್ಕೊಂಡ್ರೆ ನನ್ನ ಪಾದಾನೇ ಕಾಣ್ತಿಲ್ಲ!"

ಮಾವ ಮಂಡಿಯೂರಿ ಅಳೆದರು. ಬೇರುಗಳು ಕಚಗುಳಿಯಿಟ್ಟು ಅಂಚೆಯವರು ಕಿಸಕ್ಕನೆ ನಕ್ಕರು. "ಹೋದ ವಾರ ಅಳೆದಾಗ ಕಾಲು ನಲವತ್ತಿಂಚು ಇತ್ತು, ಪ್ಯಾಂಟೂ ನಲವತ್ತೇ ಇದೆ. ಈಗ ಕಾಲು ಮೂವತ್ತೇಳಕ್ಕೆ ಇಳಿದಿದೆ. ನೀವು ಕುಗ್ಗಿದೀರಿ ಸ್ವಾಮಿ. ಆ ಚೀಲದ ಭಾರಕ್ಕೇ ಇರ್ಬೇಕು."

ಅಂಚೆಯವರು ಬೆಪ್ಪಾಗಿ ಡಾಕ್ಟರ ಬಳಿ ಓಡಿದರು. ಡಾಕ್ಟರು ಆಗತಾನೆ ಹೊಲಿಸಿಕೊಂಡ ತಮ್ಮ ಬಿಳಿ ಕೋಟು ತುಳಿದು ಮುಗ್ಗರಿಸಿ, "ನಂಗೂ ಅದೇ ಕಾಯಿಲೆ ಕಣ್ರೀ" ಎಂದರು. ಮಾತು ಬಾಯಿಂದ ಬಾಯಿಗೆ ಹಬ್ಬಿತು. ಕ್ಷೌರಿಕ ಕನ್ನಡಿಯನ್ನು ನಾಲ್ಕು ಬೆರಳು ಕೆಳಗಿಳಿಸಿದ. ಶಾಲೆಯ ಹೆಡ್‌ಮಾಸ್ತರರು ಬಾಗಿಲಿಗೆ ಜೋತುಬಿದ್ದು ಮೈ ಎಳೆಯತೊಡಗಿದರು.

ಗೀರುಗಳು ದೂರದೂರ ಸರಿದದ್ದು ಕಂಡವಳು ಸೊಸೆಯೊಬ್ಬಳೇ. ಬಾಯಿಬಿಟ್ಟರೆ ಮಾವನ ಮಾನ ಹೋಗಿ ಕಡ್ಡಿ ಒಲೆ ಸೇರುತ್ತದೆ. ಬಿಡದಿದ್ದರೆ ಊರಿಗೂರೇ ಕುಗ್ಗುತ್ತದೆ. ಅತ್ತ ದರಿ, ಇತ್ತ ಪುಲಿ. ಆದರೆ ಒಂದು ಬೆಳಗ್ಗೆ ನೋಡಿದರೆ, ಹಿಂದಿನ ದಿನ ಕಟುಕನ ಎದೆಯಳತೆ ತೆಗೆಯುವಾಗ ಉಜ್ಜಿಹೋಗಿ ಅರ್ಧ ಬೇರು ಉದುರಿತ್ತು, ಒಂದೆಲೆ ಕಪ್ಪಾಗಿತ್ತು. ಇನ್ನೆರಡು ದಿನ ಅದು ಉಳಿಯುವ ಹಾಗಿರಲಿಲ್ಲ. ಅವಳು ಅಂಗಡಿಯ ಮೆಟ್ಟಿಲ ಪಕ್ಕ ಕುಳಿ ತೋಡಿ ನೆಟ್ಟುಬಿಟ್ಟಳು.

"ನನ್ನ ಗಜಕೋಲೆಲ್ಲಿ?"

"ನೆಟ್ಟಿದೀನಿ."

"ಗಜಕೋಲನ್ನ ಯಾರಾದ್ರೂ ನೆಡ್ತಾರೇನಮ್ಮಾ?"

"ಅದು ಬೆಳೀತಿದೆ ಮಾವ. ಜನ ಕುಗ್ಗಿಲ್ಲ." ಆ ಮನೆಯಲ್ಲಿ ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು.

ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ ಮಾವನದು. ಕಡ್ಡಿಯನ್ನು ಕೀಳಲು ಎರಡೂ ಕೈ ಹಾಕಿದರು. ಅವಳೂ ಹಿಡಿದುಕೊಂಡಳು. ಅಷ್ಟರಲ್ಲಿ ಗಿಡ್ಡ ಮಾಡಿಸಬೇಕಾದ ಪ್ಯಾಂಟನ್ನು ಹೆಗಲ ಮೇಲೆ ಹಾಕಿಕೊಂಡು ಅಂಚೆಯವರು ಬಂದರು. ಅವರ ಕಣ್ಣೆದುರು ಬೇರುಬಿಟ್ಟ ಗಜಕೋಲನ್ನು ಮಣ್ಣಿನಿಂದ ಕಿತ್ತು ತೋರಿಸುವುದೆಂದರೆ! ಮಾವ ಮೆಲ್ಲಗೆ ಕೈಬಿಟ್ಟು ಗಂಟಲು ಸರಿಮಾಡಿಕೊಂಡರು.

"ಬನ್ನಿ, ಇಲ್ಲೇ ನಿಲ್ಲಿ. ಇನ್ಮೇಲೆ ಅಳತೆಯೆಲ್ಲ ಇಲ್ಲೇ. ಕೋಲು ಓಡಾಡಿದ್ರೆ ಲೆಕ್ಕ ತಪ್ಪುತ್ತೆ."

ಅಂಚೆಯವರು ಕಡ್ಡಿಗೆ ಬೆನ್ನು ಕೊಟ್ಟು ನೆಟ್ಟಗೆ ನಿಂತರು. ಮಾವ ಬಗ್ಗಿ ನೋಡಿ, ಸೊಸೆಯ ಮುಖ ನೋಡದೆಯೇ ಹೇಳಿದರು: "ಇಂಚುಗಳೆಲ್ಲ ಬಾಡ್ತಿವೆ. ನೀರು ಹಾಕಮ್ಮ. ದಿನಾ ಹಾಕ್ಬೇಕು, ನೆನಪಿರ್ಲಿ."

ಅವಳು ಒಂದೇ ಉಸಿರಿಗೆ ನೀರು ತಂದು ಬುಡಕ್ಕೆ ಸುರಿದಳು.

ಅಂಚೆಯವರು ಸುತ್ತಮುತ್ತ ನೋಡಿ, ಚಪ್ಪಲಿ ಬಿಟ್ಟು, ಕಾಲನ್ನು ಒದ್ದೆ ಮಣ್ಣಿಗೆ ಸರಿಸಿದರು.

"ತಂಗೀ, ಇಲ್ಲೂ ಒಂದು ಚೊಂಬು ಹಾಕಮ್ಮ."