ಹಿತ್ತಲ ಮೆಟ್ಟಿಲ ಜೊತೆಗಾತಿ

ಸಾಧನಾಳ ಕೈಗೂ ಕುಸುರಿ ಕೆಲಸಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ. ಬೆಂಗಳೂರಿನಲ್ಲಿ ಬೆಳೆಯುವಾಗಲೇ ಅವಳು ಇಟ್ಟ ರಂಗೋಲಿ ಹೊಸಿಲಿನಲ್ಲಿ ಹೊರಟು ಚರಂಡಿಯ ಕಡೆಗೆ ವಾಲುತ್ತಿತ್ತು. "ನಿನ್ನ ಕೈಗೆ ಮಲ್ಲಿಗೆ ಕೊಟ್ರೆ ಕೊತ್ತಂಬರಿ ಸೊಪ್ಪಿನ ಕಟ್ಟು ಮಾಡಿ ಕೊಡ್ತೀಯಲ್ಲೇ" ಎಂದು ತಾಯಿ ನಗುತ್ತಿದ್ದರು. ಮದುವೆಯಾಗಿ ಮುಂಬಯಿಗೆ ಬಂದ ಮೇಲೆ ಇನ್ಶೂರೆನ್ಸ್ ಆಫೀಸಿನ ಕೆಲಸ, ಲೋಕಲ್ ರೈಲಿನ ಓಡಾಟ. ಹೂ ಕಟ್ಟುವ ಪ್ರಸಂಗವೇ ಬರಲಿಲ್ಲ. ಮೊಣಕಾಲು ನೋವು ಹೆಚ್ಚಾಗಿ ಅವಳು ಕೆಲಸ ಬಿಟ್ಟ ವರ್ಷ ಗಂಡ ವಿಕ್ರಂ ಚೆಂಬೂರಿನ ಹಳೆಯದೊಂದು ಹೌಸಿಂಗ್ ಸೊಸೈಟಿಯಲ್ಲಿ ಗ್ರೌಂಡ್ ಫ್ಲೋರಿನ ಮನೆ ಹಿಡಿದ. ಮಹಡಿ ಹತ್ತುವ ಕಷ್ಟವಿಲ್ಲ, ಜೊತೆಗೆ ಹಿಂದುಗಡೆ ಒಂದು ತುಂಡು ತೋಟ.

ಮಳೆಗಾಲ ಮುಗಿಯುವ ಹೊತ್ತಿಗೆ ಮನೆ ಸೇರಿದರು. ತೋಟವನ್ನು ಯಾರೂ ನೋಡಿಕೊಂಡಿರಲಿಲ್ಲ, ಆದರೂ ಅದು ತನ್ನ ಪಾಡಿಗೆ ಚೆನ್ನಾಗಿತ್ತು. ಕಾಂಪೌಂಡ್ ಗೋಡೆಗೆ ಒರಗಿಕೊಂಡ ಪಾರಿಜಾತ, ಯಾರೋ ನೆಟ್ಟು ಬಿಟ್ಟುಹೋದ ಸೇವಂತಿಗೆ, ತಾನಾಗಿಯೇ ಎದ್ದ ಚೆಂಡುಹೂ. ಆಚೆ ರಸ್ತೆಯ ಗುಲ್‌ಮೊಹರ್ ಮರ ಉದ್ದುದ್ದ ಒಣಕಾಯಿಗಳನ್ನು ಈಚೆಗೆ ಉದುರಿಸುತ್ತಿತ್ತು. ಬೆಳಿಗ್ಗೆ ವಿಕ್ರಂ ಆಫೀಸಿಗೆ ಹೋದ ಮೇಲೆ ಸಾಧನಾ ಕಾಫಿ ಲೋಟ ಹಿಡಿದು ಹಿತ್ತಲ ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಇಷ್ಟು ವರ್ಷ ಈ ಊರಿನಲ್ಲಿದ್ದೂ ನೆಲಕ್ಕೆ ಕಾಲೂರಿ ಕೂತಿದ್ದೇ ಇಲ್ಲವಲ್ಲ ಅನ್ನಿಸುತ್ತಿತ್ತು.

ನವರಾತ್ರಿಯ ಒಂದು ಮಧ್ಯಾಹ್ನ ಹಾಗೆ ಕೂತಿದ್ದಾಗ, ಸುಮ್ಮನಿರಲಾರದೆ ಒಣಕಾಯಿಗಳನ್ನೂ ಬಾಡಿದ ಚೆಂಡುಹೂಗಳನ್ನೂ ಮಡಿಲಿಗೆ ಹಾಕಿಕೊಂಡು, ಬಾಳೆನಾರಿನಲ್ಲಿ ಒಂದೊಂದಾಗಿ ಕಟ್ಟತೊಡಗಿದಳು. ಬಿಸಿಲು ಗೋಡೆ ದಾಟಿ ಹೋದಾಗ ಮಡಿಲಲ್ಲಿ ಬಾಗಿಲಗಲದ ತೋರಣವಿತ್ತು. ಒಂದು ಗಂಟೂ ಸಡಿಲವಿಲ್ಲ, ಒಂದು ಕಾಯಿಯೂ ಸಾಲು ತಪ್ಪಿಲ್ಲ. ಅದನ್ನು ತಾನೇ ಕಟ್ಟಿದೆನೆಂದು ಅವಳಿಗೇ ನಂಬಿಕೆ ಬರಲಿಲ್ಲ.

"ಹೂವಿನ ಮಾರ್ಕೆಟ್‌ಗೆ ಹೋಗಿದ್ಯಾ?" ಎಂದ ವಿಕ್ರಂ ಸಂಜೆ ಬಾಗಿಲಲ್ಲಿ ನಿಂತು.

"ನಾನೇ ಕಟ್ಟಿದ್ದು ರೀ."

ವಿಕ್ರಂ ನಗಲು ಹೋದವನು ಹೆಂಡತಿಯ ಮುಖ ನೋಡಿ, ತೋರಣದ ಗಂಟುಗಳನ್ನು ಮುಟ್ಟಿ ನೋಡಿದ.

ದೀಪಾವಳಿಗೆ ಅವಳು ಬಾಗಿಲಿಗೆ ತೂಗುಹಾಕುವ ಕಂದೀಲು, ಆಕಾಶಬುಟ್ಟಿ, ಮಾಡಿದಳು. ಬಿದಿರು ಕಡ್ಡಿಯ ಚೌಕಟ್ಟಿಗೆ ತೆಳು ಕಾಗದ, ಕಾಗದದ ಮೇಲೆ ತೋಟದ ಎಲೆಗಳು. ಒಳಗೆ ದೀಪ ಹಚ್ಚಿದರೆ ಎಲೆಯ ನರನರವೂ ಕಾಣುತ್ತಿತ್ತು. ಬಿಲ್ಡಿಂಗಿನವರೆಲ್ಲ ನಿಂತು ನೋಡಿದರು, ತಮಗೂ ಬೇಕೆಂದರು. ಅಕ್ಟೋಬರಿನ ಬೇಗೆ ಇಳಿದು, ಗಾಳಿ ತೆಳುವಾಗಿ, ಸೇವಂತಿಗೆ ಮೊಗ್ಗು ಬಿಟ್ಟಿತು. ಸಾಧನಾ ಮನೆಕೆಲಸ ಬೇಗ ಮುಗಿಸಿ ಮೆಟ್ಟಿಲಿಗೆ ಬಂದುಬಿಡುತ್ತಿದ್ದಳು. ಇಷ್ಟು ಸಂತೋಷವಾಗಿ ಅವಳು ಯಾವಾಗಲೂ ಇದ್ದಿರಲಿಲ್ಲ.

ಮೇಲಿನ ಮಹಡಿಯ ಗುರುಬಾಯಿ ವಿಜಯಪುರದ ಕಡೆಯ ಹೆಂಗಸು, ಸಾಧನಾಳಿಗಿಂತ ಹತ್ತು ವರ್ಷಕ್ಕೆ ಹಿರಿಯಳು. ಅವಳ ಬಾಲ್ಕನಿಯಿಂದ ತೋಟ ಪೂರ್ತಿ ಕಾಣುತ್ತಿತ್ತು. ಒಂದು ದಿನ ಗೇಟಿನ ಹತ್ತಿರ ಸಿಕ್ಕವಳು ಕೇಳಿದಳು, "ಆಕಿ ಯಾರವಾ, ನಿಮ್ಮ ಅತ್ತಿನೋ ಅವ್ವನೋ?"

"ಯಾರು ಅಕ್ಕಾ?"

"ಅದs, ನಿನ್ನ ಬಾಜೂಕ ಕೂಡ್ತಾಳಲ್ಲ, ಮುದುಕಿ. ನಾ ಅರಬಿ ಒಣಗ ಹಾಕೂ ಮುಂದ ದಿನಾ ನೋಡ್ತೀನಿ. ಮಾತಿಲ್ಲ ಕತಿಯಿಲ್ಲ, ಬರೇ ಕಟ್ಟಕೋತ ಕೂಡ್ತಾಳ."

"ನಾನೊಬ್ಳೇ ಅಕ್ಕಾ ಕೂರೋದು."

ಗುರುಬಾಯಿ ಅವಳನ್ನೊಮ್ಮೆ ನೋಡಿ, ಇದೇನೋ ಮನೆಯೊಳಗಿನ ವಿಷಯ, ಹೇಳಲು ಇಷ್ಟವಿಲ್ಲವೇನೋ ಅಂದುಕೊಂಡವಳಂತೆ ಮಾತು ಬದಲಿಸಿದಳು.

ವಯಸ್ಸಾದ ಕಣ್ಣು, ಪಾರಿಜಾತದ ನೆರಳು ಕಂಡಿರಬೇಕು ಎಂದು ಸಾಧನಾ ಸಮಾಧಾನ ಮಾಡಿಕೊಂಡಳು. ಆ ಸಮಾಧಾನ ಹೆಚ್ಚು ದಿನ ಉಳಿಯಲಿಲ್ಲ. ಎದುರು ಬಿಲ್ಡಿಂಗಿನ ಶುಭಾಂಗಿ ಎಂಬ ಹುಡುಗಿ ಕ್ರಿಸ್‌ಮಸ್ಸಿಗೆ ಬಾಗಿಲಿಗೆ ತೂಗುಹಾಕಲು ಬಳೆಯಾಕಾರದ ಹೂಮಾಲೆಯೊಂದನ್ನು ಮಾಡಿಕೊಡಿ ಎಂದು ಹಿತ್ತಲಿಗೇ ಬಂದಳು. ಮಾತು ಮುಗಿಸಿ ಹೊರಟವಳು ಸಾಧನಾಳ ಎಡಗಡೆಗೆ, ಯಾರೂ ಇಲ್ಲದ ಜಾಗಕ್ಕೆ, ಬಗ್ಗಿ ಕೈ ಮುಗಿದು "ನಮಸ್ತೇ ದಾದೀ" ಎಂದು ಹೋದಳು.

ಸಾಧನಾ ಕೂತಲ್ಲಿಂದ ಏಳಲಿಲ್ಲ, ಎಡಕ್ಕೆ ತಿರುಗಿ ನೋಡಲೂ ಇಲ್ಲ. ಬೆರಳುಗಳು ಮಾತ್ರ ತಮ್ಮ ಪಾಡಿಗೆ ಗಂಟು ಹಾಕುತ್ತಿದ್ದವು.

ಅದೇ ತಿಂಗಳು ಸಯನ್‌ನಲ್ಲಿ ವಿಕ್ರಂನ ಅಕ್ಕ ಪುಟ್ಟಲಕ್ಷ್ಮಿಯ ಮೊಮ್ಮಗುವಿಗೆ ನಾಮಕರಣ. ಸಾಧನಾಳ ಹೊಸ ಕೈಚಳಕದ ಸುದ್ದಿ ಅಲ್ಲಿಗೂ ಮುಟ್ಟಿತ್ತು. ಪುಟ್ಟಲಕ್ಷ್ಮಿ ಹೂವಿನ ಬುಟ್ಟಿಗಳನ್ನು ತಂದು ಅವಳ ಮುಂದಿಟ್ಟು, "ತೊಟ್ಟಿಲು ಪೂರ್ತಿ ನಿಂದೇ ಜವಾಬ್ದಾರಿ ಕಣೇ" ಎಂದಳು. ನೆಂಟರು ಸುತ್ತ ಕೂತರು. ಸಾಧನಾ ನಾರು ಕೈಗೆತ್ತಿಕೊಂಡಳು. ಒಂದು ಗಂಟೂ ಬೀಳಲಿಲ್ಲ. ಹೂ ಜಾರಿತು, ನಾರು ಹರಿಯಿತು, ಬೆರಳುಗಳು ಮರದ ತುಂಡಿನ ಹಾಗೆ ಒಂದಕ್ಕೊಂದು ತಗುಲಿದವು. ಕೊನೆಗೆ ಪುಟ್ಟಲಕ್ಷ್ಮಿಯೇ ಮೆಲ್ಲಗೆ ಬುಟ್ಟಿ ಎಳೆದುಕೊಂಡು, "ಪ್ರಯಾಣದ ಆಯಾಸ ಇರಬೇಕು ಬಿಡು" ಎಂದಳು. ಸಯನ್‌ನಿಂದ ಚೆಂಬೂರಿಗೆ ಎಷ್ಟು ಪ್ರಯಾಣ ಎಂದು ಯಾರೋ ಹಿಂದೆ ಕಿಸಕ್ಕೆಂದರು.

ಮರುದಿನ ಸಾಧನಾ ನೇರವಾಗಿ ಗುರುಬಾಯಿಯ ಮನೆಗೆ ಹೋದಳು. "ಅಕ್ಕಾ, ಅವತ್ತು ಕೇಳಿದ್ರಲ್ಲ. ನಿಮಗೆ ಏನು ಕಾಣುತ್ತೆ, ಸರಿಯಾಗಿ ಹೇಳಿ. ನನಗೆ ಕಾಣಲ್ಲ."

ಗುರುಬಾಯಿ ತೊಳೆಯುತ್ತಿದ್ದ ಪಾತ್ರೆ ಕೆಳಗಿಟ್ಟಳು. "ಮೊದಲ ಗ್ವಾಡಿ ಹತ್ರ ನಿಂತಿರ್ತಿದ್ಲು. ದೀಪಾವಳಿ ಮುಂದ ಮೆಟ್ಟಲಕ್ಕ ಬಂದ್ಲು. ಈಗ ನಿನ್ನ ಎಡಕ ಒತ್ತಿ ಕೂತು, ಸಣ್ಣ ಕೂಸಿಗೆ ಅಕ್ಷರಾ ತಿದ್ದಿಸಿದಂಗ, ನಿನ್ನ ಕೈ ಮ್ಯಾಲ ತನ್ನ ಕೈ ಇಟ್ಟು ಕಟ್ಟಸ್ತಾಳ."

"ಇಲ್ಲಿ ಮುಂಚೆ ಇದ್ದವರಾ?"

"ನಾ ಈ ಬಿಲ್ಡಿಂಗ ಕಟ್ಟಿದಾಗಿಂದ ಇದ್ದೀನಿ ತಂಗಿ. ಇಂಥಾಕಿ ಯಾರೂ ಇದ್ದಿಲ್ಲ."

ವಿಕ್ರಂಗೆ ಹೇಳಿದಾಗ ಅವನು ನಗಲಿಲ್ಲ. "ಮನೆ ಬಿಟ್ಬಿಡೋಣ."

"ನನಗೇನು ಕೆಟ್ಟದ್ದು ಮಾಡಿದ್ದಾಳೆ?"

"ಕೈ ಹಿಡ್ಕೊಂಡಿದ್ದಾಳಲ್ಲ, ಸಾಲದಾ?"

ಸಾಧನಾಳಿಗೆ ಹೆದರಿಕೆಯೇನೋ ಇತ್ತು. ಆದರೆ ಸಯನ್‌ನಲ್ಲಿ ಮರಗಟ್ಟಿದ ಬೆರಳುಗಳ ನೆನಪಾದಾಗ, ಆ ಮೆಟ್ಟಿಲನ್ನು ಬಿಟ್ಟುಬರುವುದು ಇನ್ನೂ ಹೆದರಿಕೆಯ ಸಂಗತಿಯಾಗಿ ಕಂಡಿತು.

ಜನವರಿಯ ಚಳಿ ಬಿತ್ತು. ಬೆಳಿಗ್ಗೆ ಕಾರ್ಖಾನೆಗಳ ಹೊಗೆ ಮಂಜಿನ ಜೊತೆ ಸೇರಿ ಗೋಡೆಯಾಚೆಯ ರಸ್ತೆಯೇ ಕಾಣುತ್ತಿರಲಿಲ್ಲ. ಸಂಕ್ರಾಂತಿಗೆ ಹೊಸ ತೋರಣ ಮಾಡೋಣವೆಂದು ಸಾಧನಾ ಮೆಟ್ಟಿಲಿಗೆ ಬಂದಳು. ಒಣಗಿಸಿಟ್ಟ ಸೇವಂತಿಗೆ, ನಡುವೆ ಕೆಂಪು ಗುಲಗಂಜಿ. ಬೆರಳುಗಳು ಎಂದಿಗಿಂತ ಚುರುಕಾಗಿ ಓಡಿದವು. ಆದರೆ ತೋರಣದ ಅಳತೆ ಬರುವ ಮೊದಲೇ ಅವು ಎರಡು ತುದಿಗಳನ್ನೂ ಸೇರಿಸಿ ಗಂಟು ಹಾಕಿ ನಿಂತುಬಿಟ್ಟವು. ಸಾಧನಾ ಅದನ್ನು ಎತ್ತಿ ಹಿಡಿದಳು. ಬಾಗಿಲಿಗೆ ಗಿಡ್ಡ, ದೇವರ ಪಟಗಳಿಗೆ ದೊಡ್ಡದು. ಸ್ವಲ್ಪ ಹೊತ್ತಿನ ಮೇಲೆ ಅವಳಿಗೆ ಹೊಳೆಯಿತು. ಸತ್ತವರ ಫೋಟೋಗೆ ಹಾಕುವ ಹಾರ ಅದು.

ಕತ್ತರಿ ತಂದು ಚೂರುಚೂರು ಮಾಡಿ ಗಿಡದ ಬುಡಕ್ಕೆ ಹಾಕಿದಳು. ಮರುದಿನ ಕೈ ಮತ್ತೆ ಅದನ್ನೇ ಕಟ್ಟಿತು. ಅದನ್ನೂ ಕತ್ತರಿಸಿದಳು. ಮನೆಯಲ್ಲಿ ಇರುವವರು ಇಬ್ಬರೇ. ಅವಳು ವಿಕ್ರಂನ ಆಫೀಸಿಗೆ ಫೋನ್ ಮಾಡತೊಡಗಿದಳು. "ಊಟ ಆಯ್ತಾ?" ಎಂದು ಒಮ್ಮೆ, "ಬಿಪಿ ಮಾತ್ರೆ ತಗೊಂಡ್ರಾ?" ಎಂದು ಇನ್ನೊಮ್ಮೆ, ಏನೂ ನೆಪ ಸಿಗದೆ "ಸುಮ್ನೆ" ಎಂದು ಮತ್ತೊಮ್ಮೆ. ಮೆಟ್ಟಿಲಿಗೆ ಹೋಗುವುದನ್ನೇ ಬಿಟ್ಟಳು. ಆದರೆ ಅಡುಗೆಮನೆಯಲ್ಲಿ ಬೀನ್ಸ್ ಬಿಡಿಸುತ್ತ ಕೂತಾಗ ಕೈ ನಾರುಗಳನ್ನು ಹೊಸೆಯುತ್ತಿರುವುದು ಕಂಡು ಚಾಕು ಕೆಳಗಿಟ್ಟುಬಿಟ್ಟಳು.

ಭಾನುವಾರ ಬೆಳಿಗ್ಗೆ ವಿಕ್ರಂನನ್ನು ಕರೆದಳು. "ನೀವು ಬಲಗಡೆ ಕೂತ್ಕೊಳ್ಳಿ. ಏನಾದ್ರೂ ಆಗ್ಲಿ, ಏಳಬೇಡಿ."

ಇಬ್ಬರೂ ಹಿತ್ತಲ ಮೆಟ್ಟಿಲ ಮೇಲೆ ಕೂತರು. ಸಾಧನಾ ಹೂಗಳನ್ನು ಮಡಿಲಿಗೆ ಸುರಿದುಕೊಂಡು, ಎಡಗಡೆಗೆ ತಿರುಗದೆಯೇ ಹೇಳಿದಳು, "ನೀವು ಯಾರೋ ನನಗೆ ಗೊತ್ತಿಲ್ಲಮ್ಮ. ಕಲಿಸಿದ್ದೀರಿ, ಋಣ ಇದೆ. ಈ ಹಾರ ಬೇಕೇ ಬೇಕು ಅಂದ್ರೆ ಕಟ್ಟಿಕೊಡ್ತೀನಿ. ಆದ್ರೆ ನಮ್ಮಿಬ್ಬರಿಗೆ ಬೇಡ. ನಿಮಗೇ ಇರಲಿ."

ಆಮೇಲೆ ಕೈಯನ್ನು ಬಿಟ್ಟುಕೊಟ್ಟಳು. ಗಾಳಿಯಿರಲಿಲ್ಲ. ಪಾರಿಜಾತದ ಒಂದೆಲೆಯೂ ಅಲ್ಲಾಡಲಿಲ್ಲ. ವಿಕ್ರಂ ಹೆಂಡತಿಯ ಬೆರಳುಗಳನ್ನೇ ನೋಡುತ್ತಿದ್ದ. ನಡುವೆ ಒಮ್ಮೆ ಅವಳ ಎಡ ಮುಂಗೈಯ ಮೇಲೆ, ಯಾರೋ ಒತ್ತಿದಂತೆ, ಚರ್ಮ ಬಿಳಿಚಿಕೊಂಡು ಮತ್ತೆ ಕೆಂಪಾಯಿತು. ಅವನು ಏಳಲಿಲ್ಲ.

ಹಾರ ಮುಗಿದಾಗ ಸಾಧನಾಳ ಕೈ ತಣ್ಣಗಾಗಿತ್ತು. ಹಾಲ್‌ನ ಗೋಡೆಯಲ್ಲಿ ಹಿಂದಿನವರು ಬಿಟ್ಟುಹೋದ ಒಂದು ಮೊಳೆಯಿತ್ತು. ಅದಕ್ಕೆ ಹಾರ ತೂಗುಹಾಕಿದಳು. ಹಾರದ ನಡುವೆ ಬರೀ ಗೋಡೆ.

"ಹೀಗೇ ಬಿಡೋದಾ?" ಎಂದ ವಿಕ್ರಂ.

"ಇನ್ನೇನು ಮಾಡೋದು?"

ಸಂಕ್ರಾಂತಿಯ ದಿನ ಗುರುಬಾಯಿ ಎಳ್ಳುಬೆಲ್ಲ ಕೊಡಲು ಬಂದಳು. ಹಾಲ್‌ನೊಳಗೆ ಕಾಲಿಟ್ಟವಳು ಗೋಡೆಯ ಕಡೆ ನೋಡಿ, ತಟ್ಟೆಯನ್ನು ಟೀಪಾಯಿ ಮೇಲಿಟ್ಟು, ಸೆರಗು ತಲೆ ಮೇಲೆ ಎಳೆದುಕೊಂಡು ಕೈ ಮುಗಿದಳು.

"ಆಕೀನs ಅಲ್ಲ," ಎಂದಳು ಮೆಲ್ಲಗೆ. "ಯಾವಾಗ ಸಿಕ್ತು ಫೋಟೋ?"

ವಿಕ್ರಂ ಕುರ್ಚಿಯ ಬೆನ್ನು ಹಿಡಿದುಕೊಂಡ.

"ಹೇಗಿದ್ದಾಳೆ ಅಕ್ಕಾ?" ಎಂದಳು ಸಾಧನಾ.

ಇವರಿಗೆ ಬರೀ ಗೋಡೆ ಕಾಣುತ್ತಿದೆಯೆಂದು ಗುರುಬಾಯಿಗೆ ಅರ್ಥವಾಯಿತು. ಅವಳು ಗೋಡೆಯಿಂದ ಕಣ್ಣು ಕೀಳದೆ ಹೇಳಿದಳು, "ಹಣಿ ತುಂಬ ಕುಂಕುಮ. ತಲಿ ತುಂಬ ಹೂವ. ನಗೂದಿಲ್ಲ, ಸಿಟ್ಟೂ ಇಲ್ಲ. ಯಾರೋ ಹೆಸರ ಹಿಡದು ಕರದ್ರ ತಿರುಗಿ ನೋಡಿದಂಗ ಐತಿ ಮುಖ."

ಆ ದಿನದಿಂದ ತೋಟದಲ್ಲಿ ಆ ಮುದುಕಿ ಗುರುಬಾಯಿಗಾಗಲಿ ಶುಭಾಂಗಿಗಾಗಲಿ ಕಾಣಲಿಲ್ಲ. ಸಾಧನಾ ಈಗಲೂ ಮೆಟ್ಟಿಲ ಮೇಲೆ ಕೂರುತ್ತಾಳೆ. ಅವಳ ಗಂಟುಗಳು ನಿಧಾನವಾಗಿ ಬೀಳುತ್ತವೆ, ಕೆಲವು ಬಿಚ್ಚಿಕೊಳ್ಳುತ್ತವೆ, ಕೆಲವು ನಿಲ್ಲುತ್ತವೆ. ನಿಂತವು ತನ್ನವು ಎಂದು ಅವಳಿಗೆ ಗೊತ್ತು. ವಿಕ್ರಂ ಮನೆ ಬಿಡುವ ಮಾತೆತ್ತುವುದಿಲ್ಲ, ಆದರೆ ಹಾಲ್‌ನಲ್ಲಿ ಪೇಪರ್ ಓದುವಾಗ ಆ ಗೋಡೆಗೆ ಬೆನ್ನು ಮಾಡಿ ಕೂರುವುದಿಲ್ಲ. ಬಂದವರು ಗೋಡೆಯ ಕಡೆ ನೋಡಿ "ಯಾರಿವರು?" ಎಂದು ಕೇಳಿದರೆ ಸಾಧನಾ "ನಮ್ಮವರೇ" ಎನ್ನುತ್ತಾಳೆ.

ಚಳಿ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಅವಳು ಹಾಲ್ ಗುಡಿಸಿ, ಒದ್ದೆ ಬಟ್ಟೆಯಿಂದ ಹಾರದ ಸುತ್ತಲ ಧೂಳು ಒರೆಸುತ್ತಿದ್ದಳು. ಹಾರದ ನಡುವಿನ ಬರಿಗೋಡೆಗೆ ಬಟ್ಟೆ ತಾಗಿದಾಗ ಅದು ಸುಣ್ಣದ ಮೇಲೆ ತೊಡರುವಂತೆ ತೊಡರಲಿಲ್ಲ. ಗಾಜಿನ ಮೇಲೆ ಜಾರಿದಂತೆ ನುಣ್ಣಗೆ ಜಾರಿತು. ಸಾಧನಾ ಒಂದು ಕ್ಷಣ ನಿಂತಳು. ಆಮೇಲೆ ಒಣಬಟ್ಟೆ ತಂದು, ಮೂಲೆ ಬಿಡದೆ, ಪೂರ್ತಿ ಒರೆಸಿದಳು.