ಕೊನೆಯ ಗುಟುಕು

ಮಗಳನ್ನು ಕರೆಯಲೋ ಬೇಡವೋ? ಕರೆದರೆ ಮೇಷ್ಟ್ರ ಮಗಳೆಂದು ಮೆರೆಸಿದ ಹಾಗೆ. ಬಿಟ್ಟರೆ ಮನೆಯಲ್ಲಿ ಸಂಜೆಯೆಲ್ಲ ಮುಖ ಊದಿಸಿಕೊಂಡಿರುತ್ತಾಳೆ. ಗಂಟೆ ಹೊಡೆಯಲು ಇನ್ನು ಐದೇ ನಿಮಿಷ. ಮೇಜಿನ ಮೇಲೆ ಸಾಲಾಗಿ ನಿಂತ ಗಾಜಿನ ಲೋಟಗಳನ್ನು ನೋಡುತ್ತ ಮೇಷ್ಟ್ರು ಅಳೆದೂ ಸುರಿದೂ ಯೋಚಿಸಿದರು.

ಪಾಠದ ಕಟ್ಟಳೆ ಅವರದೇ. ಪ್ರತಿ ಮಗುವೂ ಮನೆಯಿಂದ ಒಂದು ಪೊಟ್ಟಣ ತರಬೇಕು, ಕರಗುತ್ತದೋ ಇಲ್ಲವೋ ಎಂದು ಮೊದಲು ಹೇಳಿ ಆಮೇಲೆ ನೀರಿಗೆ ಹಾಕಬೇಕು. ಉಪ್ಪು ಕರಗಿತ್ತು, ಮರಳು ಕೂತಿತ್ತು. ಒಬ್ಬ ತನ್ನ ಬಿದ್ದ ಹಲ್ಲನ್ನೇ ತಂದಿದ್ದ. ‘ಕರಗಲ್ಲ ಸಾರ್, ಎರಡು ವರ್ಷ ಚಾಕಲೇಟಲ್ಲೇ ನೆಂದಿದೆ’ ಎಂದಿದ್ದ.

ಕೊನೆಗೆ ಮಗಳನ್ನು ಕರೆದರು. ಅವಳು ಪೊಟ್ಟಣ ಬಿಚ್ಚಿದಳು. ಒಳಗೆ ತಿಳಿ ಗುಲಾಬಿ ಪುಡಿ.

‘ಇದು ಕರಗುತ್ತೆ ಸಾರ್. ಮಧ್ಯಾಹ್ನ ಅಮ್ಮ ಅಜ್ಜಿ ಹಾಲಿಗೆ ಹಾಕ್ತಾಳೆ, ರಜೆ ದಿನ ನೋಡಿದೀನಿ. ಅಜ್ಜಿಗೆ ಗೊತ್ತೇ ಆಗಲ್ಲ.’

ಆ ಬಣ್ಣ ಮೇಷ್ಟ್ರಿಗೆ ಗೊತ್ತು. ವೈದ್ಯರು ಅವರಿಗೆಂದೇ ಬರೆದುಕೊಟ್ಟ ನಿದ್ದೆಗುಳಿಗೆಯ ಪುಡಿ ಅದು. ಮೂರು ವಾರದಿಂದ ಅವರ ತಾಯಿ ವಟವಟ ನಿಲ್ಲಿಸಿ ಮಧ್ಯಾಹ್ನವೆಲ್ಲ ಮಲಗಿಬಿಡುತ್ತಿದ್ದರು. ಮನೆಯಲ್ಲೇ ಬಟ್ಟೆ ಹೊಲಿಯುವ ಸೊಸೆಗೆ ನಿರಾಳ. ಅತ್ತೆ ಸೊಸೆ ಹಾಲುಸಕ್ಕರೆಯಂತೆ ಬೆರೆತುಬಿಟ್ಟರು ಎಂದು ಮೇಷ್ಟ್ರು ಶಿಕ್ಷಕರ ಕೋಣೆಯಲ್ಲಿ ಜಂಬ ಕೊಚ್ಚಿಕೊಂಡಿದ್ದರು.

ಅವರು ತಡೆಯುವಷ್ಟರಲ್ಲಿ ಮಗಳು ಪುಡಿ ಸುರಿದು ಕದಡಿಯಾಗಿತ್ತು. ನೀರು ಮಬ್ಬಾಯಿತು. ಸ್ವಲ್ಪ ಹೊತ್ತಿಗೆ ಪುಡಿಯೆಲ್ಲ ತಳಕ್ಕಿಳಿಯಿತು. ಕರಗಲಿಲ್ಲ ಎಂದು ತರಗತಿ ಒಕ್ಕೊರಲಿನಿಂದ ತೀರ್ಪು ಕೊಟ್ಟಿತು. ಮಗಳ ಮುಖ ಸಪ್ಪಗಾಯಿತು.

‘ಅದಕ್ಕೇ ಅನ್ಸುತ್ತೆ, ಅಜ್ಜಿ ಕೊನೇ ಗುಟುಕು ಕುಡಿಯೋದೇ ಇಲ್ಲ.’

ಮನೆಗೆ ಬಂದಾಗ ನಡುಮನೆಯಲ್ಲಿ ಹೊಲಿಗೆ ಯಂತ್ರ ಓಡುತ್ತಿತ್ತು. ತಾಯಿ ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಅಲುಗಾಡದೆ ಮಲಗಿದ್ದರು. ಕಾಲಿನ ಹೆಬ್ಬೆರಳು ಮಾತ್ರ ಯಂತ್ರದ ಸದ್ದಿಗೆ ತಕ್ಕಂತೆ ಆಡುತ್ತಿತ್ತು. ಮಂಚದ ಪಕ್ಕದ ಲೋಟದಲ್ಲಿ ಒಂದು ಗುಟುಕು ಹಾಲು, ಅದರಡಿ ಗುಲಾಬಿ ಗಸಿ. ಮೇಷ್ಟ್ರು ಲೋಟ ಎತ್ತಿ ಬೆಳಕಿಗೆ ಹಿಡಿದರು.

‘ಇವತ್ತು ತೊಳೆಯೋಕೆ ಆಗಲಿಲ್ಲ, ನೀನೇ ತೊಳೆದಿಡಪ್ಪ’ ಎಂದರು ತಾಯಿ, ತಿರುಗದೆಯೇ. ‘ನಾನು ಮಲಗಿದ ಹಾಗಿದ್ರೆ ಅವಳು ನೆಮ್ಮದಿಯಾಗಿ ಹೊಲೀತಾಳೆ. ನಿಂಗೆ ಗೊತ್ತಾದ್ರೆ ಮನೆ ಮುರಿಯುತ್ತೆ ಅಂತ ಸುಮ್ನಿದ್ದೆ.’

ಮೇಷ್ಟ್ರು ಲೋಟ ತೊಳೆದರು, ಗಸಿ ಬೆರಳಿಗೆ ಅಂಟಿ ಎರಡು ಸಲ ಉಜ್ಜಬೇಕಾಯಿತು. ಆಮೇಲೆ ಹೆಂಡತಿಯ ಎದುರಿಗೇ ಕಪಾಟು ತೆರೆದು ಗುಳಿಗೆಯ ಪಟ್ಟಿಯನ್ನು ತೆಗೆದು ಅಂಗಿ ಜೇಬಿಗೆ ಹಾಕಿಕೊಂಡರು. ಹೊಲಿಗೆ ಯಂತ್ರ ನಿಂತಿತು. ತುಸು ಹೊತ್ತಿನ ಮೇಲೆ ಮತ್ತೆ ಓಡತೊಡಗಿತು, ಮೊದಲಿಗಿಂತ ನಿಧಾನವಾಗಿ.

ಆ ಪಟ್ಟಿಯಿಂದ ದಿನಕ್ಕೊಂದು ಗುಳಿಗೆ ಕಾಣೆಯಾಗುತ್ತಿರುವುದು ತಮಗೆ ಮೊದಲ ವಾರದಿಂದಲೇ ಗೊತ್ತಿತ್ತು ಎಂಬುದನ್ನು ಅವರು ತಾಯಿಗೆ ಎಂದೂ ಹೇಳಲಿಲ್ಲ.