ಸುತ್ತು ಹಾಕಿದ ಒಂಬತ್ತು ಚುಕ್ಕೆ

ನನ್ನ ಸ್ವಂತ ಅಕ್ಕನನ್ನು ಕೆಲಸದಿಂದ ತೆಗೆಯುವ ಕಾಗದಕ್ಕೆ ನಾನೇ ಸಹಿ ಹಾಕಬೇಕಿತ್ತು. ಮಧ್ಯಾಹ್ನ ಒಂದು ಗಂಟೆಯೊಳಗೆ ಪುರಾವೆ ಸಮೇತ ಬೇಕು ಎಂದಿದ್ದರು ಮ್ಯಾನೇಜರು.

ನಮ್ಮದು ಔಷಧಿ ಕಾರ್ಖಾನೆ. ಸೀಸೆಗಳನ್ನು ಹಬೆಯಲ್ಲಿ ಶುದ್ಧ ಮಾಡುವ ಉಕ್ಕಿನ ಪೆಟ್ಟಿಗೆಯ ಮುಂದೆ ಅಕ್ಕನ ಕೆಲಸ; ಆ ವಿಭಾಗಕ್ಕೆ ಸೂಪರ್‌ವೈಸರ್ ನಾನು. ಅರ್ಧ ಗಂಟೆಗೊಮ್ಮೆ ಒತ್ತಡದ ಮುಳ್ಳು ನೋಡಿ ಚಾರ್ಟಿನಲ್ಲಿ ಒಂದು ಚುಕ್ಕೆ ಇಡಬೇಕು. ಚುಕ್ಕೆಗಳು ಎರಡು ಕೆಂಪು ಗೆರೆಗಳ ನಡುವೆ ಮೇಲೆ ಕೆಳಗೆ ಆಡುತ್ತಿದ್ದರೆ ಎಲ್ಲ ಸರಿ. ಯಾವುದೋ ಒಂದು ಮೇಲೆ ಹಾರಿ, ಮುಂದಿನದು ಗೆರೆಯೊಳಗೆ ಬಂದರೆ, ಹಾರಿದ್ದಕ್ಕೆ ಸುತ್ತು ಹಾಕಿ 'ಕಣ್ತಪ್ಪು' ಎಂದು ಬರೆದು ಲೆಕ್ಕದಿಂದ ಬಿಡುವುದು ನಮ್ಮಲ್ಲಿ ರೂಢಿ. ಒಂದೂವರೆ ತಿಂಗಳಲ್ಲಿ ಅಕ್ಕನ ಹೆಸರಿನಲ್ಲಿ ಒಂಬತ್ತು ಕಣ್ತಪ್ಪು. ಸುತ್ತು ಹಾಕಿದ ಪುಣ್ಯಾತ್ಗಿತ್ತಿ ನಾನೇ.

"ಮುಳ್ಳು ನಿಜವಾಗ್ಲೂ ಮೇಲೆ ಹೋಗುತ್ತೆ ಕಣೇ. ಹೋಗಿ, ತಕ್ಷಣ ಇಳಿದುಬಿಡುತ್ತೆ," ಎನ್ನುತ್ತಿದ್ದಳು.

"ಸಾಕು ಸುಮ್ನಿರಕ್ಕ, ಕನ್ನಡಕ ಬದಲಾಯಿಸು," ಎನ್ನುತ್ತಿದ್ದೆ.

ಬದಲಾಯಿಸಿದಳು. ಕಣ್ಣು ಚೆನ್ನಾಗಿಯೇ ಇದೆ ಎಂದರು ಡಾಕ್ಟರು. ಅಂದಿನಿಂದ ಮನೆಯಲ್ಲಿ ಒಲೆ ಆರಿಸಿದ್ದೇನೋ ಇಲ್ಲವೋ ಎಂದು ಮೂರು ಮೂರು ಸಲ ಎದ್ದು ಹೋಗಿ ನೋಡುತ್ತಿದ್ದಳು. ನನಗೆ ರೇಗುತ್ತಿತ್ತು.

ಪುರಾವೆಗೆಂದು ಆ ಒಂಬತ್ತನ್ನೂ ಒಂದೇ ಹಾಳೆಯ ಮೇಲೆ ಇಟ್ಟೆ. ವಾರವಾರ ಹಾಳೆ ಬದಲಾಗುವುದರಿಂದ ಅವನ್ನು ಯಾರೂ ಒಟ್ಟಿಗೆ ನೋಡಿರಲಿಲ್ಲ. ತಪ್ಪು ಮಾಡುವವರು ದಿಕ್ಕಾಪಾಲಾಗಿ ಮಾಡುತ್ತಾರೆ. ಇವು ಹಾಗಿರಲಿಲ್ಲ. ಒಂಬತ್ತೂ ಮಧ್ಯಾಹ್ನ ಹನ್ನೆರಡರವು. ಪ್ರತಿಯೊಂದೂ ಹಿಂದಿನದಕ್ಕಿಂತ ಅಷ್ಟಷ್ಟೇ ಮೇಲೆ. ಮೊದಲೆರಡರ ನಡುವೆ ಒಂಬತ್ತು ದಿನ, ಆಮೇಲೆ ಎಂಟು, ಏಳು, ಆರು... ಕೊನೆಯದಕ್ಕೆ ಎರಡೇ ದಿನ. ಅದು ನಿನ್ನೆಯದು. ಮುಂದಿನದು ಇವತ್ತು. ಎಷ್ಟು ಎತ್ತರಕ್ಕೆ ಎಂಬುದನ್ನೂ ಗೆರೆ ಎಳೆದು ನೋಡಿದೆ. ಪೆಟ್ಟಿಗೆ ಸಿಡಿದುಹೋಗುವಷ್ಟು ಒತ್ತಡ; ಅಂಕಿ ಬರೆದುಕೊಂಡೆ. ಗಂಟೆ ಹನ್ನೊಂದೂ ನಲವತ್ತು.

ಎದ್ದೆನೋ ಬಿದ್ದೆನೋ ಎಂದು ಓಡಿದೆ. ಹಬೆ ನಿಲ್ಲಿಸಿದೆ, ಸೀಸೆಗಳನ್ನೆಲ್ಲ ಹೊರಗೆ ತೆಗೆಸಿದೆ, ಪೆಟ್ಟಿಗೆಯ ಬಾಗಿಲನ್ನು ಅಗಲಕ್ಕೆ ತೆರೆಸಿದೆ. ಬಾಯ್ಲರ್ ನೋಡಿಕೊಳ್ಳುವವನು ನಕ್ಕ.

"ಏನ್ ಮೇಡಂ, ಖಾಲಿ ಡಬ್ಬಕ್ಕೆ ಇಷ್ಟೊಂದು ಹೆದರ್ಕೊಂಡ್ರೆ ಹೆಂಗೆ?" ಎಂದು ಊಟಕ್ಕೆ ಹೋದ.

ಅಕ್ಕ ಮಾತ್ರ ಮುಳ್ಳಿನ ಮುಂದಿನಿಂದ ಕದಲಲಿಲ್ಲ. "ಹನ್ನೆರಡರದ್ದು ನೋಡ್ದೆ ಹೋದ್ರೆ ಅದನ್ನೂ ನನ್ ತಲೆಗೇ ಕಟ್ತೀರ," ಎಂದಳು. ನಾನು ಪಕ್ಕದಲ್ಲಿ ನಿಂತೆ.

ಗಡಿಯಾರದ ಎರಡೂ ಮುಳ್ಳು ಕೂಡಿದವು. ಬಾಗಿಲು ತೆರೆದೇ ಇತ್ತು. ಒಳಗೆ ಏನೂ ಇರಲಿಲ್ಲ. ಒತ್ತಡದ ಮುಳ್ಳು ಮೆಲ್ಲಗೆ, ನಿದ್ದೆಯಿಂದ ಏಳುವವರ ಹಾಗೆ ಎದ್ದು, ಕೆಂಪು ಗೆರೆ ದಾಟಿ, ನಾನು ಬರೆದುಕೊಂಡಿದ್ದ ಅಂಕಿಯ ಮೇಲೆ ನಿಂತಿತು.

ಅಕ್ಕ ಅದನ್ನು ನೋಡುತ್ತಿರಲಿಲ್ಲ. ನನ್ನ ಮುಖ ನೋಡುತ್ತಿದ್ದಳು.

"ನಿಂಗೂ ಕಾಣ್ತಿದೆ ತಾನೆ?"

"ಕಾಣ್ತಿದೆ ಅಕ್ಕಾ."

ಅವಳು ಬಾಯಿಗೆ ಸೆರಗು ಒತ್ತಿಕೊಂಡು ಗೊಳೋ ಎಂದು ಅತ್ತಳು. "ಸದ್ಯ ಕಣೇ. ನಂಗೆ ಹುಚ್ಚು ಹಿಡೀತಿದೆ ಅಂದ್ಕೊಂಡಿದ್ದೆ. ದಿನಾ ಅದೇ ಭಯ. ಸದ್ಯ."

"ನಂದೇ ತಪ್ಪು," ಎಂದು ತಬ್ಬಿಕೊಂಡೆ. ಅವಳ ಭುಜದ ಮೇಲಿನಿಂದ ಮತ್ತೆ ನೋಡಿದೆ. ಮುಳ್ಳು ಇಳಿದಿರಲಿಲ್ಲ. ನೋಡುತ್ತಿದ್ದಂತೆಯೇ ಇನ್ನೂ ಒಂದಿಷ್ಟು ಮೇಲೆ ಸರಿಯಿತು.